ಸರ್ವರ್ ನಿಂತಾಗಲೂ ನಿಲ್ಲದ ಲೆಕ್ಕ

ಸಿಂದಗಿ ತಾಲ್ಲೂಕಿನ ಯಂಕಂಚಿಯ ಒಂದು ಮನೆಯಲ್ಲಿ ಕಂಪ್ಯೂಟರ್ ಇದೆ ಎಂದಿಟ್ಟುಕೊಳ್ಳೋಣ. ಮಗಳು ಅದರಲ್ಲಿ ಪಾಠ ನೋಡುತ್ತಾಳೆ, ಅಪ್ಪ ಆಗೊಮ್ಮೆ ಈಗೊಮ್ಮೆ ಹೊಲದ ಉತಾರ ತೆಗೆಯುತ್ತಾನೆ. ಉಳಿದ ಹೊತ್ತೆಲ್ಲ ಅದು ಸುಮ್ಮನೆ ಕೂತಿರುತ್ತದೆ. ಯಾರಾದರೂ ಟೈಪ್ ಮಾಡುತ್ತಿರುವಾಗಲೂ ಅದರ ಪ್ರೊಸೆಸರ್‌ಗೆ ಬಿಡುವೇ ಹೆಚ್ಚು. ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವಷ್ಟರಲ್ಲಿ ಅದು ಕೋಟಿಗಟ್ಟಲೆ ಗುಣಾಕಾರ ಮಾಡಬಲ್ಲದು. ಇಂಥ ಬಿಡುವನ್ನು ಲಕ್ಷಾಂತರ ಮನೆಗಳಿಂದ ಕೂಡಿಸಿ ವಿಜ್ಞಾನದ ಕೆಲಸಕ್ಕೆ ಹಚ್ಚುವುದನ್ನು ಸ್ವಯಂಸೇವಾ ಗಣನೆ ಎನ್ನುತ್ತಾರೆ.

ಇದರಲ್ಲಿ ಯಾರಿಗೂ ಕೂಲಿ ಇಲ್ಲ. ಯಂತ್ರದ ಒಡೆಯರಿಗೆ ಒಬ್ಬರಿಗೊಬ್ಬರ ಗುರುತಿಲ್ಲ. ಯಾರು ಯಾವಾಗ ಕಂಪ್ಯೂಟರ್ ಆರಿಸುತ್ತಾರೋ ಹೇಳಲಾಗದು. ಕೆಲಸ ಹಂಚುವ ಸರ್ವರ್, ಅಂದರೆ ನಡುವಿನ ಕಂಪ್ಯೂಟರ್, ಹೆಚ್ಚಾಗಿ ಯಾವುದೋ ವಿಶ್ವವಿದ್ಯಾಲಯದ ಕೋಣೆಯಲ್ಲಿ ಬೆರಳೆಣಿಕೆಯ ಮಂದಿಯ ಕೈಯಲ್ಲಿ ನಡೆಯುತ್ತದೆ. ಅದೂ ಆಗಾಗ ನಿಲ್ಲುತ್ತದೆ. ಇಷ್ಟೆಲ್ಲ ಇದ್ದೂ ಉತ್ತರ ತಪ್ಪದಂತೆ, ದುಡಿದವರ ಲೆಕ್ಕ ಕೆಡದಂತೆ ನೋಡಿಕೊಳ್ಳುವುದು ದೊಡ್ಡ ಕುಶಲತೆ.

ಈ ಕೆಲಸವನ್ನು ಜನಪ್ರಿಯಗೊಳಿಸಿದ್ದು ಸೆಟಿ ಅಟ್ ಹೋಮ್. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1999ರ ಮೇ 17ರಂದು ಅದು ಶುರುವಾಯಿತು. ಪೋರ್ಟೊರಿಕೊ ದ್ವೀಪದ ಅರೆಸಿಬೊ ರೇಡಿಯೊ ದೂರದರ್ಶಕ ಆಕಾಶದಿಂದ ಹಿಡಿದ ಸದ್ದಿನಲ್ಲಿ ಅನ್ಯಲೋಕದ ಸಂಕೇತ ಅಡಗಿದೆಯೇ ಎಂದು ಹುಡುಕುವುದು ಅದರ ಗುರಿ. ದತ್ತಾಂಶವನ್ನು ಟೇಪುಗಳಲ್ಲಿ ತುಂಬಿ ಅಂಚೆಯಲ್ಲಿ ಬರ್ಕ್ಲಿಗೆ ಕಳಿಸುತ್ತಿದ್ದರು. ಅಲ್ಲಿ ಅದನ್ನು 256 ಕಂಪನಾಂಕ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯನ್ನು ಸುಮಾರು 107 ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತಿದ್ದರು. ಇಂಥ ತುಣುಕಿಗೆ ವರ್ಕ್ ಯುನಿಟ್ ಎಂದು ಹೆಸರು. ಗಾತ್ರ ಸುಮಾರು 350 ಕಿಲೋಬೈಟ್. ಇಂದಿನ ಮೊಬೈಲ್ ಫೋಟೊ ಒಂದಕ್ಕಿಂತ ಚಿಕ್ಕದು. ಆದರೆ ಅದನ್ನು ಶೋಧಿಸಲು ಆ ಕಾಲದ ಮನೆಯ ಕಂಪ್ಯೂಟರ್ ಗಂಟೆಗಟ್ಟಲೆ ದುಡಿಯಬೇಕಿತ್ತು. ತರುವುದು ಸ್ವಲ್ಪ, ಮಾಡುವುದು ಬಹಳ: ಈ ಬಗೆಯ ಗಣನೆಗೆ ಒಗ್ಗುವ ಕೆಲಸದ ಲಕ್ಷಣವೇ ಇದು.

ಇದೇ ತಂಡದ ಡೇವಿಡ್ ಆಂಡರ್ಸನ್ 2002ರಲ್ಲಿ ಬೋಯಿಂಕ್ ಎಂಬ ತಂತ್ರಾಂಶ ಕಟ್ಟಲು ಶುರುಮಾಡಿದರು. ಯಾವ ವಿಜ್ಞಾನಿ ಬೇಕಾದರೂ ತನ್ನ ಯೋಜನೆಯನ್ನು ಅದರ ಮೇಲೆ ನಡೆಸಬಹುದು. 2004ರಲ್ಲಿ ಸೆಟಿಯೂ ಅದಕ್ಕೆ ಬಂದಿತು. 2005ರ ಫೆಬ್ರುವರಿಯಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಹುಟ್ಟಿತು. ಬೆಂಗಳೂರಿನ ಐಸಿಟಿಎಸ್ ಸಂಸ್ಥೆಯ ವಿಜ್ಞಾನಿಗಳೂ ಸೇರಿರುವ, ಗುರುತ್ವ ಅಲೆಗಳನ್ನು ಹುಡುಕುವ ಲೈಗೊ ಸಹಯೋಗದ ದತ್ತಾಂಶವನ್ನು ಅದು ಮನೆಮನೆಗೆ ಹಂಚುತ್ತದೆ. ನಮ್ಮ ಯಂಕಂಚಿಯ ಕಂಪ್ಯೂಟರ್ ಇದನ್ನೇ ಸೇರಿತು ಎಂದುಕೊಂಡು ಮುಂದೆ ಹೋಗೋಣ.

ಸರ್ವರ್ ಎಂದರೆ ಒಂದೇ ಯಂತ್ರ, ಒಂದೇ ಕೆಲಸ ಎಂದು ಹೊರಗಿನವರಿಗೆ ಅನಿಸುತ್ತದೆ. ಒಳಗೆ ಹಲವು ಚಿಕ್ಕ ಪ್ರೋಗ್ರಾಮುಗಳು ಎಡೆಬಿಡದೆ ನಡೆಯುತ್ತಿರುತ್ತವೆ. ಒಂದು, ದತ್ತಾಂಶವನ್ನು ಕತ್ತರಿಸಿ ಕೆಲಸ ತಯಾರಿಸುತ್ತದೆ. ಫೀಡರ್ ಎಂಬುದು ತಯಾರಾದ ಕೆಲಸಗಳನ್ನು ದತ್ತಾಂಶಕೋಶದಿಂದ ಎತ್ತಿ ಮೆಮೊರಿಯಲ್ಲಿ ಸಿದ್ಧವಾಗಿ ಇಟ್ಟಿರುತ್ತದೆ. ಕೆಲಸ ಬೇಡಿ ಬಂದ ಕಂಪ್ಯೂಟರ್‌ಗೆ ಶೆಡ್ಯೂಲರ್ ಅಲ್ಲಿಂದಲೇ ತೆಗೆದು ಕೊಡುತ್ತದೆ. ಪ್ರತಿ ಕೋರಿಕೆಗೂ ದತ್ತಾಂಶಕೋಶವನ್ನು ತಡಕುತ್ತ ಕೂತರೆ ಸಾವಿರಾರು ಜನ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ಟ್ರಾನ್ಸಿಷನರ್ ಪ್ರತಿ ಕೆಲಸದ ಸ್ಥಿತಿ ನೋಡುತ್ತಿರುತ್ತದೆ: ಹೋಯಿತೇ, ಬಂತೇ, ಗಡುವು ಮೀರಿತೇ? ಮೀರಿದ್ದರೆ ಇನ್ನೊಂದು ಪ್ರತಿ ತೆಗೆದು ಬೇರೆಯವರಿಗೆ ಕಳಿಸುತ್ತದೆ. ಬಂದ ಉತ್ತರವನ್ನು ವ್ಯಾಲಿಡೇಟರ್ ತಾಳೆ ನೋಡುತ್ತದೆ, ಅಸಿಮಿಲೇಟರ್ ಅದನ್ನು ವಿಜ್ಞಾನಿಗಳ ಭಂಡಾರಕ್ಕೆ ಸೇರಿಸುತ್ತದೆ. ಕೊನೆಯದೊಂದು, ಹಳೆಯ ಕಡತಗಳನ್ನು ಅಳಿಸಿ ಜಾಗ ಮಾಡುತ್ತದೆ. ಒಂದು ನಿಂತರೆ ಉಳಿದವು ತಮ್ಮ ಪಾಡಿಗೆ ತಾವು ನಡೆಯುತ್ತವೆ. ನಿಂತದ್ದರ ಮುಂದೆ ಕೆಲಸ ಬಾಕಿ ಬೀಳುತ್ತದೆ ಅಷ್ಟೆ.

ಇತ್ತ ಯಂಕಂಚಿಯಲ್ಲಿ ಕೆಲಸ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಮಾಡಿದ್ದೆಲ್ಲ ಹಾಳಾಗಬೇಕಿತ್ತು, ಆಗುವುದಿಲ್ಲ. ಪ್ರೋಗ್ರಾಮ್ ಆಗಾಗ ತಾನು ಎಲ್ಲಿದ್ದೇನೆ, ಇಲ್ಲಿವರೆಗೆ ಸಿಕ್ಕಿದ್ದೇನು ಎಂಬುದನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಇದಕ್ಕೆ ಚೆಕ್‌ಪಾಯಿಂಟ್ ಎಂದು ಹೆಸರು. ಕರೆಂಟ್ ಬಂದ ಮೇಲೆ ಬರೆದಿಟ್ಟಲ್ಲಿಂದ ಮುಂದುವರಿಯುತ್ತದೆ. ಪ್ರೊಸೆಸರ್ ಪೂರ್ತಿ ದುಡಿದರೆ ಯಂತ್ರ ಬಿಸಿಯಾಗುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಅದಕ್ಕೇ ಪ್ರೊಸೆಸರ್‌ನ ಎಷ್ಟು ಪಾಲು ಕೊಡಬೇಕು, ಯಾವ ಹೊತ್ತಿನಲ್ಲಿ ಕೊಡಬೇಕು, ಬ್ಯಾಟರಿಯ ಮೇಲಿರುವಾಗ ನಿಲ್ಲಬೇಕೇ ಎಂಬುದನ್ನೆಲ್ಲ ಒಡೆಯರೇ ಗೊತ್ತುಮಾಡಬಹುದು.

ಇನ್ನು ನಂಬಿಕೆಯ ಪ್ರಶ್ನೆ. ಗುರುತಿಲ್ಲದ ಮನೆಯಿಂದ ಬಂದ ಉತ್ತರ ಸರಿಯೆಂದು ಹೇಗೆ ತಿಳಿಯುವುದು? ಕಾದು ಕೆಂಪಾದ ಪ್ರೊಸೆಸರ್ ಅಂಕಿ ತಪ್ಪಬಹುದು, ಮೆಮೊರಿ ಕೆಟ್ಟಿರಬಹುದು, ಯಾರೋ ಬೇಕೆಂದೇ ಸುಳ್ಳು ಕಳಿಸಿರಬಹುದು. ಸೆಟಿಯ ಮೊದಲ ವರ್ಷಗಳಲ್ಲಿ ಇದು ಆಗಿತ್ತು. ಆಗ ಮುಗಿಸಿದ ತುಣುಕುಗಳ ಸಂಖ್ಯೆಯೇ ಕೀರ್ತಿಯ ಅಳತೆ. ಪಟ್ಟಿಯಲ್ಲಿ ಮೇಲೇರಲು ಕೆಲವರು ತಂತ್ರಾಂಶವನ್ನು ತಿದ್ದಿ, ಮಾಡದ ಕೆಲಸವನ್ನು ಮಾಡಿದಂತೆ ತೋರಿಸಿದರು. ಬೋಯಿಂಕ್ ಇದಕ್ಕೆ ಕಂಡುಕೊಂಡ ಮದ್ದು ಸರಳ. ಒಂದೇ ತುಣುಕನ್ನು ಗುರುತಿಲ್ಲದ ಇಬ್ಬರಿಗೆ ಕಳಿಸುವುದು. ಎರಡೂ ಉತ್ತರ ಕೂಡಿಬಂದರೆ ಸರಿ, ಕೂಡದಿದ್ದರೆ ಮೂರನೆಯವರಿಗೆ ಕಳಿಸುವುದು.

ಹೇಳುವಷ್ಟು ಸುಲಭವಲ್ಲ ಈ ತಾಳೆ. ದಶಮಾಂಶದ ಲೆಕ್ಕವನ್ನು ಬೇರೆ ಬೇರೆ ಪ್ರೊಸೆಸರ್‌ಗಳು ಮಾಡಿದಾಗ ಕೊನೆಯ ಅಂಕಿಗಳಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ, ಎರಡೂ ಸರಿಯಾಗಿದ್ದರೂ. ಎಷ್ಟು ವ್ಯತ್ಯಾಸ ಒಪ್ಪಬೇಕು, ಎಲ್ಲಿಂದಾಚೆ ತಪ್ಪು ಎನ್ನಬೇಕು ಎಂಬುದನ್ನು ಪ್ರತಿ ಯೋಜನೆಯ ವಿಜ್ಞಾನಿಗಳೇ ಯೋಚಿಸಿ ವ್ಯಾಲಿಡೇಟರ್ ಬರೆಯಬೇಕು. ಅಲ್ಪ ವ್ಯತ್ಯಾಸವೂ ಬೆಳೆದು ಬೆಟ್ಟವಾಗುವ ಲೆಕ್ಕಗಳಿದ್ದರೆ, ಎರಡೂ ಪ್ರತಿಗಳನ್ನು ಒಂದೇ ಜಾತಿಯ ಯಂತ್ರಗಳಿಗೆ ಮಾತ್ರ ಕಳಿಸುತ್ತಾರೆ.

ಉತ್ತರ ಕೂಡಿಬಂದ ಮೇಲೆಯೇ ದುಡಿದವರಿಗೆ ಅಂಕ, ಅಂದರೆ ಕ್ರೆಡಿಟ್. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳಿನ ಪದ್ಧತಿ ಇದೆ. ಇವತ್ತು ನಿಮ್ಮ ಜೋಳದ ಸುಗ್ಗಿಗೆ ನಮ್ಮ ಮನೆಯಿಂದ ನಾಲ್ಕು ಮಂದಿ ಬಂದರೆ, ನಮ್ಮ ಸುಗ್ಗಿಗೆ ನಿಮ್ಮವರು ನಾಲ್ಕು ಮಂದಿ ಬರಬೇಕು. ರೊಕ್ಕದ ಮಾತಿಲ್ಲ, ಆದರೆ ಯಾರು ಎಷ್ಟು ದಿನ ಬಂದರು ಎಂಬುದನ್ನು ಯಾರೂ ಮರೆಯುವುದಿಲ್ಲ. ಕ್ರೆಡಿಟ್ ಕೂಡ ರೊಕ್ಕವಲ್ಲ, ದುಡಿಮೆಯ ನೆನಪು. ಮುಯ್ಯಿಯಂತೆ ಅದನ್ನು ತೀರಿಸಿಕೊಳ್ಳಲೂ ಬರುವುದಿಲ್ಲ. ಅಷ್ಟಾದರೂ ಅದರ ಅಳತೆಯನ್ನು ಎಷ್ಟು ಕಾಳಜಿಯಿಂದ ಕಟ್ಟಿದ್ದಾರೆ ನೋಡಿ.

ಅಳತೆಯ ಮೂಲಮಾನದ ಹೆಸರು ಕಾಬಲ್‌ಸ್ಟೋನ್. ಸೆಟಿ ತಂಡದ ಜೆಫ್ ಕಾಬ್ ಅವರ ಹೆಸರಿನಿಂದ ಬಂದದ್ದು. ಸೆಕೆಂಡಿಗೆ 100 ಕೋಟಿ ದಶಮಾಂಶ ಲೆಕ್ಕ ಮಾಡುವ, ಅಂದರೆ ಒಂದು ಗಿಗಾಫ್ಲಾಪ್ಸ್ ವೇಗದ ಕಂಪ್ಯೂಟರ್ ಇಡೀ ದಿನ ದುಡಿದರೆ 200 ಕ್ರೆಡಿಟ್. ನಮ್ಮ ಯಂಕಂಚಿಯ ಯಂತ್ರ ಮೂರು ಗಿಗಾಫ್ಲಾಪ್ಸ್ ವೇಗದ್ದಾಗಿದ್ದು ದಿನಕ್ಕೆ 4 ಗಂಟೆ ದುಡಿದರೆ, 3ನ್ನು 200ರಿಂದ ಗುಣಿಸಿ, ದಿನದ ಆರನೇ ಒಂದು ಪಾಲು ತೆಗೆದರೆ 100 ಕ್ರೆಡಿಟ್ ಆಯಿತು.

ಕಾಗದದ ಮೇಲೆ ಇಷ್ಟು ನಿಚ್ಚಳವಾದದ್ದು ನಡೆಯುವಾಗ ತೊಡಕಾಯಿತು. ಮೊದಲು ಪ್ರತಿ ಕಂಪ್ಯೂಟರ್ ತನ್ನ ವೇಗವನ್ನು ತಾನೇ ಪರೀಕ್ಷಿಸಿಕೊಂಡು, ಹಿಡಿದ ಸಮಯದಿಂದ ಗುಣಿಸಿ ಇಷ್ಟು ಕ್ರೆಡಿಟ್ ಬೇಕೆಂದು ಕೇಳುತ್ತಿತ್ತು. ಒಂದೇ ಕೆಲಸಕ್ಕೆ ಇಬ್ಬರು ಬೇರೆ ಬೇರೆ ಕೇಳುತ್ತಿದ್ದರು. ಅದೇ ಯಂತ್ರದಲ್ಲಿ ವಿಂಡೋಸ್ ಇದ್ದರೆ ಒಂದು ಬಗೆ, ಲಿನಕ್ಸ್ ಇದ್ದರೆ ಇನ್ನೊಂದು. ಇದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಯಾರಾದರೂ ಜಾಣತನದಿಂದ ಪ್ರೋಗ್ರಾಮನ್ನು ಚುರುಕು ಮಾಡಿದರೆ ಸಮಯ ಕಡಿಮೆಯಾಗಿ ಅವರ ಬೇಡಿಕೆಯೂ ಕಡಿಮೆಯಾಗುತ್ತಿತ್ತು. ಮೂವರು ಒಂದೇ ತುಣುಕು ಮಾಡಿದ್ದರೆ ಅತಿ ಹೆಚ್ಚು, ಅತಿ ಕಡಿಮೆ ಕೇಳಿದ್ದನ್ನು ಬಿಟ್ಟು ನಡುವಿನದನ್ನು ಮೂವರಿಗೂ ಕೊಡುವ ರೂಢಿ ಬಂತು. ಮೋಸಕ್ಕೆ ಕಡಿವಾಣ ಬಿತ್ತು, ಸಮಾಧಾನ ಪೂರ್ತಿ ಆಗಲಿಲ್ಲ. 2006ರಲ್ಲಿ ಸೆಟಿ ಸಮಯವನ್ನು ಬಿಟ್ಟು, ಮಾಡಿದ ಲೆಕ್ಕಗಳನ್ನೇ ಎಣಿಸತೊಡಗಿತು. 2010ರಲ್ಲಿ ಬೋಯಿಂಕ್ ಮತ್ತೊಂದು ಸೂತ್ರ ತಂದಿತು. ಐನ್‌ಸ್ಟೈನ್ ಅಟ್ ಹೋಮ್‌ನಲ್ಲಿ ಒಂದೊಂದು ಬಗೆಯ ಕೆಲಸಕ್ಕೆ ಇಷ್ಟೆಂದು ಮೊದಲೇ ಗೊತ್ತುಮಾಡಿರುತ್ತಾರೆ. ನನಗೆ ಈ ದಾರಿಯೇ ಹಿಡಿಸುತ್ತದೆ. ಚುರುಕಾಗಿ ಮಾಡಿದವರಿಗೆ ನಷ್ಟವಿಲ್ಲ, ತಡವಾಗಿ ಮಾಡಿದವರಿಗೆ ಅವಮಾನವೂ ಇಲ್ಲ.

ಒಟ್ಟು ಕ್ರೆಡಿಟ್ ಜೊತೆಗೆ ಇತ್ತೀಚಿನ ಸರಾಸರಿ ಎಂಬ ಇನ್ನೊಂದು ಅಂಕಿಯಿದೆ. ಅದರ ಅರ್ಧಾಯುಷ್ಯ ಒಂದು ವಾರ. ಯಂತ್ರ ನಿಂತರೆ ವಾರದಲ್ಲಿ ಅದು ಅರ್ಧಕ್ಕೆ, ಎರಡು ವಾರದಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ಒಟ್ಟು ಕ್ರೆಡಿಟ್ ಇಳಿಯುವುದಿಲ್ಲ.

ಸರ್ವರ್ ನಿಂತರೆ? ಸೆಟಿಯಲ್ಲಿ ಪ್ರತಿ ಮಂಗಳವಾರ ಬೇಕೆಂದೇ ನಿಲ್ಲಿಸುತ್ತಿದ್ದರು. ಲಕ್ಷಾಂತರ ಕೆಲಸಗಳು ದತ್ತಾಂಶಕೋಶಕ್ಕೆ ಸೇರಿ, ಅಳಿದು, ಮತ್ತೆ ಸೇರಿ ಅದರ ಕೋಷ್ಟಕಗಳಲ್ಲಿ ತೂತುಗಳಾಗುತ್ತಿದ್ದವು, ಹುಡುಕಾಟ ನಿಧಾನವಾಗುತ್ತಿತ್ತು. ಅದನ್ನು ಒತ್ತಾಗಿ ಜೋಡಿಸಿ, ಪ್ರತಿ ತೆಗೆದಿಡಲು ಗಂಟೆಗಟ್ಟಲೆ ಬೇಕಿತ್ತು. ಹೇಳದೆ ಕೇಳದೆ ಡಿಸ್ಕ್ ಕೆಟ್ಟು ನಿಂತ ದಿನಗಳೂ ಇದ್ದವು.

ಆಗ ಮನೆಗಳ ಕಂಪ್ಯೂಟರ್‌ಗಳು ಏನು ಮಾಡುತ್ತವೆ ಎಂಬುದರಲ್ಲಿ ಈ ವ್ಯವಸ್ಥೆಯ ಜಾಣ್ಮೆ ಕಾಣುತ್ತದೆ. ಅವು ಮೊದಲೇ ಕೆಲವು ಗಂಟೆಗೋ ಕೆಲವು ದಿನಕ್ಕೋ ಆಗುವಷ್ಟು ಕೆಲಸ ತಂದಿಟ್ಟುಕೊಂಡಿರುತ್ತವೆ. ಅದನ್ನು ಮಾಡುತ್ತಿರುತ್ತವೆ, ಮುಗಿದ ಉತ್ತರಗಳನ್ನು ಡಿಸ್ಕಿನಲ್ಲಿ ಕೂಡಿಡುತ್ತವೆ. ಸರ್ವರನ್ನು ಕೇಳಿ ಉತ್ತರ ಬರದಿದ್ದರೆ ಸ್ವಲ್ಪ ತಡೆದು ಮತ್ತೆ ಕೇಳುತ್ತವೆ. ಸೋತಂತೆಲ್ಲ ತಡೆಯುವ ಹೊತ್ತು ಇಮ್ಮಡಿಯಾಗುತ್ತ ಕೊನೆಗೆ ಗಂಟೆಗಟ್ಟಲೆ ಆಗುತ್ತದೆ. ಅದರಲ್ಲಿ ಚೀಟಿ ಎತ್ತಿದಂಥ ಒಂದಿಷ್ಟು ಆಕಸ್ಮಿಕತೆಯನ್ನೂ ಬೆರೆಸಿರುತ್ತಾರೆ. ಎಲ್ಲವೂ ಒಂದೇ ಗಳಿಗೆಗೆ ಬಂದು ಬಡಿದರೆ ಆಗಷ್ಟೇ ಎದ್ದ ಸರ್ವರ್ ಮತ್ತೆ ಬಿದ್ದೀತು. ಹೀಗೆ ಮಾಡಿದ್ದರಿಂದ ಒಂದೊಂದಾಗಿ ಬರುತ್ತವೆ. ಮೊದಲು ಉತ್ತರದ ಕಡತ ಏರಿಸುತ್ತವೆ, ಆಮೇಲೆ ಮುಗಿದ ಹಲವು ಕೆಲಸಗಳ ವರದಿಯನ್ನು ಒಂದೇ ಬಾರಿಗೆ ಒಪ್ಪಿಸುತ್ತವೆ. ಕ್ರೆಡಿಟ್ ಒಂದೆರಡು ದಿನ ಬಾಕಿ ಎಂದು ತೋರಬಹುದು. ವ್ಯಾಲಿಡೇಟರ್ ಎದ್ದೊಡನೆ ಜಮೆಯಾಗುತ್ತದೆ. ಗಡುವು ಮೀರಿ ಬಂದ ಉತ್ತರಕ್ಕೂ, ಆ ತುಣುಕಿನ ಕಡತ ಇನ್ನೂ ಅಳಿಸಿರದಿದ್ದರೆ, ಕ್ರೆಡಿಟ್ ಸಿಗಬಹುದು.

ಎಲ್ಲ ನಿಲುಗಡೆಯೂ ಇಷ್ಟು ಚಿಕ್ಕದಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಸಂಶೋಧನೆಗೆಂದು ಫೋಲ್ಡಿಂಗ್ ಅಟ್ ಹೋಮ್ ಯೋಜನೆಗೆ ಎಷ್ಟು ಜನ ಮುಗಿಬಿದ್ದರೆಂದರೆ, ಹಂಚಲು ಕೆಲಸವೇ ಸಾಲದೆ ಕಂಪ್ಯೂಟರ್‌ಗಳು ಖಾಲಿ ಕೂತವು. ಐಬಿಎಂ 2004ರಲ್ಲಿ ಕಟ್ಟಿದ ವರ್ಲ್ಡ್ ಕಮ್ಯುನಿಟಿ ಗ್ರಿಡ್ ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಗೆ ಹೋದಾಗ, 2022ರಲ್ಲಿ, ತಿಂಗಳುಗಟ್ಟಲೆ ಕೆಲಸ ನಿಂತಿತ್ತು. ಸೆಟಿಯಂತೂ 2020ರ ಮಾರ್ಚ್ 31ರಂದು ಕೆಲಸ ಹಂಚುವುದನ್ನೇ ನಿಲ್ಲಿಸಿತು.

ಈ ತಾಳೆ ಮತ್ತು ದಾಖಲೆಯ ಶ್ರಮ ಏನು ಕೊಟ್ಟಿತು ಎಂಬುದಕ್ಕೆ 2010ರ ಒಂದು ಘಟನೆ ಸಾಕು. ಐನ್‌ಸ್ಟೈನ್ ಅಟ್ ಹೋಮ್ ಅರೆಸಿಬೊದ ದತ್ತಾಂಶದಲ್ಲಿ ಪಲ್ಸಾರ್‌ಗಳನ್ನೂ ಹುಡುಕುತ್ತಿತ್ತು. ಪಲ್ಸಾರ್ ಎಂದರೆ ಬುಗುರಿಯಂತೆ ತಿರುಗುತ್ತ ರೇಡಿಯೊ ಮಿಡಿತ ಬೀರುವ ಸತ್ತ ನಕ್ಷತ್ರ. 2007ರಲ್ಲಿ ದಾಖಲಾದ ತುಣುಕೊಂದರಲ್ಲಿ ಸೆಕೆಂಡಿಗೆ ಸುಮಾರು 41 ಬಾರಿ ತಿರುಗುವ ಪಲ್ಸಾರ್ ಸಿಕ್ಕಿತು. ಅದರ ದೂರ ಸುಮಾರು 17,000 ಜ್ಯೋತಿರ್ವರ್ಷ. ವಿಜ್ಞಾನಿಗಳು ಆ ತುಣುಕು ಯಾರ ಕೈಗೆ ಹೋಗಿತ್ತು ಎಂದು ಸರ್ವರಿನ ದಾಖಲೆ ತೆಗೆದು ನೋಡಿದರು. ಅಮೆರಿಕದ ಅಯೋವಾ ರಾಜ್ಯದ ದಂಪತಿಯ ಮನೆಯಲ್ಲಿ ಒಂದು ಪ್ರತಿ, ಜರ್ಮನಿಯ ಮೈಂಜ್ ಊರಿನ ಒಬ್ಬರ ಬಳಿ ಇನ್ನೊಂದು ಪ್ರತಿ ನಡೆದಿತ್ತು. ಅವರಿಗೆ ಪತ್ರ ಹೋಯಿತು. 2010ರ ಆಗಸ್ಟಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ಮೂವರ ಹೆಸರೂ ಅಚ್ಚಾಯಿತು.