ಸದ್ದು ಕೇಳಿಸಿತು, ಮಾತು ಕೇಳಿಸಿತಾ?

ಆ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರುತ್ತೆ. ಕಾಕ್ಲಿಯರ್ ಇಂಪ್ಲಾಂಟ್ ಚಾಲೂ ಆದ ಕ್ಷಣ ಮಗು ಕಣ್ಣರಳಿಸುತ್ತೆ, ಅಮ್ಮ ಅಳ್ತಾಳೆ. ಸುದ್ದಿ ಅಲ್ಲಿಗೆ ಮುಗಿಯುತ್ತೆ. ಮಗುವಿನ ಕೆಲಸ ಶುರುವಾಗೋದೇ ಅಲ್ಲಿಂದ.

ಕಿವಿಯ ಹೊರಗಿನ ಪ್ರೊಸೆಸರ್ ಸದ್ದನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ, ಒಳಗಿವಿಯ ಎಲೆಕ್ಟ್ರೋಡ್‌ಗಳ ಮೂಲಕ ಶ್ರವಣ ನರಕ್ಕೆ ತಲುಪಿಸುತ್ತದೆ. ಅದನ್ನು ಮಾತು ಅಂತ ಗುರುತಿಸೋದನ್ನು ಮಿದುಳು ಕಲಿಯಬೇಕು. ನಾನು ಓದಿದ್ದು ಎಂಜಿನಿಯರಿಂಗ್. ಯಂತ್ರ ಓಡ್ತಿದೆ ಅನ್ನೋದು ಬೇರೆ, ಕೆಲಸ ಆಗ್ತಿದೆ ಅನ್ನೋದು ಬೇರೆ. ಹಾಗಾಗಿ ಇಲ್ಲಿ ಒಂದೇ ಅಳತೆ ಸಾಲದು.

ಮೊದಲನೆಯದು ಆಡಿಯೋಗ್ರಾಂ. ಎಷ್ಟು ಡೆಸಿಬಲ್ ಸದ್ದಿಗೆ ಮಗು ಪ್ರತಿಕ್ರಿಯಿಸುತ್ತದೆ ಅಂತ ಇದು ಹೇಳುತ್ತೆ. 30 ಡೆಸಿಬಲ್ ಆಸುಪಾಸಿನ ಮೆಲುದನಿಯೂ ಗೊತ್ತಾದರೆ ಒಳ್ಳೆಯದು. ಆದರೆ ಗೊತ್ತಾಯ್ತು ಅಂದ ಮಾತ್ರಕ್ಕೆ ಅರ್ಥ ಆಯ್ತು ಅಂತಲ್ಲ.

ಎರಡನೆಯದು ತಜ್ಞ ಡೇನಿಯಲ್ ಲಿಂಗ್ ರೂಪಿಸಿದ ಪರೀಕ್ಷೆ. ಮನೆಯಲ್ಲೇ ದಿನವೂ ಮಾಡಬಹುದು. ಆರೇ ಆರು ಸದ್ದು: ಆ, ಈ, ಊ, ಮ್, ಶ್, ಸ್. ನಿಮ್ಮ ತುಟಿ ಮಗುವಿಗೆ ಕಾಣದಂತೆ ಒಂದೊಂದಾಗಿ ಹೇಳಿ. 'ಮ್' ಮಂದ್ರದ ಕಡೆಯದು, 'ಸ್' ತಾರದ ಕಡೆಯದು. ಮಾತಿನ ಬಹುಪಾಲು ಸದ್ದು ಇವೆರಡರ ನಡುವೆ ಬರುತ್ತೆ. ನಿನ್ನೆ ಕೇಳಿಸಿದ 'ಸ್' ಇವತ್ತು ಕೇಳಿಸ್ತಿಲ್ಲವಾ? ಮೊದಲು ಬ್ಯಾಟರಿ, ಕೇಬಲ್ ನೋಡಿ. ಸರಿಹೋಗದಿದ್ದರೆ ಆಡಿಯಾಲಜಿಸ್ಟ್ ಹತ್ತಿರ ಹೋಗಿ. ಬೇಕಿದ್ದರೆ ಅವರು 'ಮ್ಯಾಪಿಂಗ್' ಮಾಡ್ತಾರೆ, ಅಂದರೆ ಎಲೆಕ್ಟ್ರೋಡ್‌ಗಳ ವಿದ್ಯುತ್ ಮಟ್ಟವನ್ನು ಮಗುವಿಗೆ ಹೊಂದಿಸ್ತಾರೆ.

ಮೂರನೆಯದು 'ಕ್ಯಾಪ್', 0ಯಿಂದ 7ರವರೆಗಿನ ಏಣಿ. 0 ಅಂದರೆ ಸುತ್ತಲಿನ ಸದ್ದಿನ ಅರಿವೇ ಇಲ್ಲ. 5ಕ್ಕೆ ಬಂದ ಮಗುವಿಗೆ ತುಟಿ ನೋಡದೆಯೂ "ಬಾ, ಊಟ ಮಾಡು" ಥರದ ದಿನಬಳಕೆಯ ಮಾತು ಅರ್ಥವಾಗುತ್ತೆ. 7 ತಲುಪಿದರೆ ಪರಿಚಯದವರ ಜೊತೆ ಫೋನಲ್ಲೇ ಮಾತಾಡುತ್ತೆ.

ಇನ್ನು ವಯಸ್ಸಿನ ವಿಷಯ. 3 ವರ್ಷಕ್ಕೆ ಸಾಧನ ಚಾಲೂ ಆದ ಮಗುವಿಗೆ 4 ತುಂಬಿದಾಗ ಅದರ 'ಶ್ರವಣ ವಯಸ್ಸು' 1 ಮಾತ್ರ. ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ, ಆರು ತಿಂಗಳ ಹಿಂದೆ ನಿಮ್ಮ ಮಗುವೇ ಹೇಗಿತ್ತು ಅಂತ ನೋಡಿ. ಹಾಗಂತ ಒಂದೇ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತರೆ ಸುಮ್ಮನಿರಬೇಡಿ, ಕಾರಣ ಹುಡುಕಿಸಿ.

ಕೇಂದ್ರದ ಅಡಿಪ್ ಯೋಜನೆಯಲ್ಲಿ ಅರ್ಹ ಬಡ ಮಕ್ಕಳಿಗೆ ಇಂಪ್ಲಾಂಟ್ ಸಿಗುತ್ತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆ, ತರಬೇತಿ ಎರಡೂ ಇವೆ. ಆದರೆ ಕೂಲಿ ಬಿಟ್ಟು, ಬಸ್ ಹತ್ತಿ, ವರ್ಷಗಟ್ಟಲೆ ಓಡಾಡಬೇಕಾದವರು ಅಪ್ಪ ಅಮ್ಮ. ಅವರು ನಡುವೆ ಕೈಬಿಟ್ಟರೆ ತಲೆಯೊಳಗೆ ಉಳಿಯೋದು ಬರೀ ಸಾಧನ.

ಎಷ್ಟು ಮಕ್ಕಳಿಗೆ ಆಪರೇಷನ್ ಆಯ್ತು ಅಂತ ಲೆಕ್ಕ ಕೊಡೋದು ಸುಲಭ. ಅವರಲ್ಲಿ ಎಷ್ಟು ಮಕ್ಕಳು ಐದನೇ ಮೆಟ್ಟಿಲು ಹತ್ತಿದರು? ನಾವು ಕೇಳಬೇಕಾದ ಲೆಕ್ಕ ಅದು.