ರಾಟೆ: ಒಂದು ಮಾತಿನ ಹುಟ್ಟು ಮತ್ತು ಬಾಳು

ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದಿಂದ ಹೊರಬಂದು ಸುತ್ತಲಿನ ಹಳೆಯ ಬಹುಮಹಡಿ ಕಟ್ಟಡಗಳತ್ತ ತಲೆಯೆತ್ತಿ ನೋಡುವವರಿಗೆ, ಕೆಳಗಿನ ಭಾರವನ್ನು ಮೇಲಕ್ಕೊಯ್ಯಲು ಮನುಷ್ಯನು ಹೂಡಿದ ಉಪಾಯಗಳು ಒಂದೆರಡಲ್ಲವೆಂಬುದು ಪ್ರತ್ಯಕ್ಷವಾಗಿ ತಿಳಿಯುತ್ತದೆ. ದುರಸ್ತಿಗೆಂದು ಕಟ್ಟಿದ ಬಿದಿರಿನ ಸಾರವೆಯ ತುದಿಯಲ್ಲಿ ಸಣ್ಣದೊಂದು ಚಕ್ರವು ಕಿರುಗುಟ್ಟುತ್ತ ಗಾರೆಯ ಬಕೆಟ್ಟನ್ನು ಎತ್ತುತ್ತಿರುತ್ತದೆ. ಒಳಗೆ, ಮೆಟ್ಟಿಲುಗಳು ಬಳಸಿಕೊಂಡು ಹೋಗುವ ಕಬ್ಬಿಣದ ಜಾಲರಿಯ ನಡುವೆ, ಹಳೆಯ ಲಿಫ್ಟು ಮಂದಗತಿಯಿಂದ ಏರಿಳಿಯುತ್ತಿರುತ್ತದೆ. ಇವೆರಡಕ್ಕೂ ಆಧಾರವಾಗಿರುವುದು, ಹಗ್ಗವು ಜಾರದಂತೆ ಅಂಚಿನಲ್ಲಿ ಕಾಲುವೆ ತೋಡಿದ ಒಂದು ಗಾಲಿ. ಇದನ್ನು ಮರಾಠಿಗರು ಕಪ್ಪಿ ಎನ್ನುವರು, ಹಿಂದಿಯವರು ಘಿರನೀ ಎನ್ನುವರು. ಕನ್ನಡಿಗರಾದ ನಮಗೆ ಅದು ರಾಟೆ.

ಈ ಮಾತು ಸಂಸ್ಕೃತದ ‘ಅರಘಟ್ಟ’ದಿಂದ ಇಳಿದುಬಂದ ತದ್ಭವ. ಅರವೆಂದರೆ ಗಾಲಿಯ ಅರೆಕಾಲು. ಅರಘಟ್ಟವೆಂದರೆ ಬಾವಿಯಿಂದ ನೀರೆತ್ತುವ ಚಕ್ರಯಂತ್ರ. ಪ್ರಾಕೃತದಲ್ಲಿ ಘಕಾರವು ಹಕಾರವಾಗಿ, ಮೊದಲ ಅಕಾರವೂ ಸವೆದುಹೋಗಿ, ಉತ್ತರದಲ್ಲಿ ‘ರಹಟ’ವೂ ಮರಾಠಿಯಲ್ಲಿ ‘ರಹಾಟ’ವೂ ಆದ ಆ ಶಬ್ದವು, ಕನ್ನಡದಲ್ಲಿ ಇನ್ನೂ ನುಣುಪಾಗಿ ರಾಟಣ, ರಾಟಾಳ, ರಾಟೆಯೆಂಬ ರೂಪಗಳನ್ನು ಪಡೆಯಿತು. ಸಾಲುಸಾಲಾಗಿ ಗಡಿಗೆಗಳನ್ನು ಕಟ್ಟಿದ ನೀರಚಕ್ರವನ್ನು ಮರಾಠಿಗರು ‘ರಹಾಟಗಾಡಗೆ’ ಎಂದು ಕರೆದು, ಕೊನೆಯಿಲ್ಲದ ಸಂಸಾರದ ಸುತ್ತಾಟಕ್ಕೂ ಅದೇ ಮಾತನ್ನು ಅನ್ವಯಿಸುವರು. ಈ ಕಲ್ಪನೆ ಬಹು ಪ್ರಾಚೀನವಾದುದು: ಶೂದ್ರಕನ ‘ಮೃಚ್ಛಕಟಿಕ’ದ ಕೊನೆಯ ಅಂಕದಲ್ಲಿ, ಕೆಲವರನ್ನು ತುಂಬಿ ಕೆಲವರನ್ನು ಬರಿದುಮಾಡುವ ವಿಧಿಯ ಆಟವು ಬಾವಿಯ ಯಂತ್ರದ ಗಡಿಗೆಗಳ ನ್ಯಾಯದಂತೆ ನಡೆಯುವುದೆಂಬ ಮಾತು ಬರುತ್ತದೆ.

ಕನ್ನಡದಲ್ಲಿ ಈ ಪದದ ವ್ಯಾಪ್ತಿ ಬಾವಿಯ ಕಟ್ಟೆಗಷ್ಟೇ ಸೀಮಿತವಲ್ಲ. ನೂಲುವ ಚರಕವೂ ರಾಟೆಯೇ. ಜಾತ್ರೆಯಲ್ಲಿ ಮಕ್ಕಳನ್ನು ತೊಟ್ಟಿಲಲ್ಲಿ ಕೂರಿಸಿಕೊಂಡು ಆಕಾಶಕ್ಕೇರಿಸುವುದು ರಂಕಲ ರಾಟೆ. ನೂಲುವ ರಾಟೆಯನ್ನು ನೋಡಬಯಸುವವರು ಗ್ರಾಂಟ್ ರೋಡ್ ನಿಲ್ದಾಣದಿಂದ ಅನತಿದೂರದಲ್ಲಿ, ಗಾಂವದೇವಿಯ ಲ್ಯಾಬರ್ನಮ್ ರಸ್ತೆಯಲ್ಲಿರುವ ಮಣಿಭವನಕ್ಕೆ ಹೋಗಬಹುದು. 1917 ರಿಂದ 1934 ರವರೆಗೆ ಮುಂಬಯಿಯಲ್ಲಿ ಗಾಂಧೀಜಿಯವರ ಬಿಡಾರವಾಗಿದ್ದ ಆ ಮನೆಯಲ್ಲಿ ಅವರ ಕೋಣೆಯನ್ನೂ ರಾಟೆಗಳನ್ನೂ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ಕೋಣೆಯಲ್ಲಿ ತಿರುಗುತ್ತಿದ್ದ ರಾಟೆಯ ಗುಂಜಾರವವು ತಮ್ಮ ಆರೋಗ್ಯಕ್ಕೆ ನೆರವಾಯಿತೆಂದು ಅವರು ಆತ್ಮಕಥೆಯಲ್ಲಿ ಬರೆದಿರುವರು.

ನೀರೆತ್ತುವ ಸಾಧನಗಳಲ್ಲಿ ರಾಟೆಗೆ ಬಂಧುಗಳುಂಟು. ಒಂದು ಕಂಬದ ಮೇಲೆ ಉದ್ದನೆಯ ತೊಲೆಯನ್ನು ಅಡ್ಡಲಾಗಿ ನಿಲ್ಲಿಸಿ, ಒಂದು ತುದಿಗೆ ಭಾರವನ್ನೂ ಇನ್ನೊಂದು ತುದಿಗೆ ಬಾನಿಯನ್ನೂ ಕಟ್ಟಿದರೆ ಅದು ಏತ. ತಮಿಳಿನ ‘ಏಟ್ರಂ’, ತೆಲುಗಿನ ‘ಏತಮು’ ಇದರ ಒಡಹುಟ್ಟುಗಳು, ‘ಏರು’ ಎಂಬ ಧಾತುವಿನ ಸಂಬಂಧಿಗಳು. ಇದನ್ನು ಕಂಡ ಆಂಗ್ಲರು ಪೋರ್ಚುಗೀಸರಿಂದ ಕಡತಂದ ‘ಪಿಕೊಟಾ’ ಎಂಬ ಹೆಸರಿಟ್ಟರೆಂದು 1886 ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು ತಿಳಿಸುತ್ತದೆ. ಎತ್ತುಗಳನ್ನು ಹೂಡಿ ತೊಗಲಿನ ಚೀಲದಿಂದ ನೀರೆತ್ತುವುದು ಕಪಿಲೆ. ಮರಾಠಿಯಲ್ಲಿ ಅದು ‘ಮೋಟ್’. ಸದ್ದನ್ನೇ ಹೆಸರಾಗಿಸಿಕೊಂಡ ‘ಗಡಗಡೆ’ಯೆಂಬುದು ರಾಟೆಗೇ ಇರುವ ಇನ್ನೊಂದು ಹೆಸರು.

ಬಾವಿಯ ರಾಟೆಯಿಂದ ನೀರಿನ ಭಾರ ಕಡಿಮೆಯಾಗುವುದೆಂದು ಅನೇಕರು ಭಾವಿಸಿರುವರು; ಅದು ಸರಿಯಲ್ಲ. ಒಂದೆಡೆ ನೆಲೆನಿಂತ ರಾಟೆಯು ಬಲದ ದಿಕ್ಕನ್ನು ಮಾತ್ರ ಬದಲಿಸುವುದು. ಬಗ್ಗಿ ಮೇಲಕ್ಕೆಳೆಯುವ ಬದಲು, ನೆಟ್ಟಗೆ ನಿಂತು ಮೈಭಾರವನ್ನೂ ಹಾಕಿ ಕೆಳಕ್ಕೆ ಜಗ್ಗುವ ಸೌಕರ್ಯವೇ ಅದರಿಂದ ಒದಗುವ ಲಾಭ. ಭಾರದೊಡನೆ ತಾನೂ ಮೇಲೇರುವ ಎರಡನೆಯ ರಾಟೆಯನ್ನು ಸೇರಿಸಿದಾಗಲೇ ಬೇಕಾಗುವ ಬಲವು ಅರ್ಧಕ್ಕಿಳಿಯುವುದು. ಆದರೆ ಹಗ್ಗವನ್ನು ಎರಡರಷ್ಟು ಎಳೆಯಬೇಕಾಗುವುದು. ಲಿಫ್ಟಿನ ಮೇಲ್ಭಾಗದ ಕೋಣೆಯಲ್ಲಿ ತಿರುಗುವುದೂ ನೆಲೆನಿಂತ ರಾಟೆಯೇ. ಹಗ್ಗದ ಒಂದು ತುದಿಗೆ ಜನರು ನಿಲ್ಲುವ ಪೆಟ್ಟಿಗೆ, ಇನ್ನೊಂದು ತುದಿಗೆ ಅದನ್ನು ಸರಿದೂಗಿಸುವ ಕಬ್ಬಿಣದ ತೂಕ. ಹಗ್ಗ ಕಡಿದರೂ ಪೆಟ್ಟಿಗೆ ಬೀಳದಂತೆ ಹಿಡಿದು ನಿಲ್ಲಿಸುವ ಸಾಧನವನ್ನು ಎಲೈಶಾ ಓಟಿಸ್ 1854 ರಲ್ಲಿ ನ್ಯೂಯಾರ್ಕಿನಲ್ಲಿ ಬಹಿರಂಗವಾಗಿ ತೋರಿಸಿದ ಮೇಲೆಯೇ ಜನರಿಗೆ ಲಿಫ್ಟಿನಲ್ಲಿ ನಂಬಿಕೆ ಬಂದಿತು. ಮುಂಬಯಿ ಪ್ರಾಂತಕ್ಕೆ 1939 ರಲ್ಲಿಯೇ ಲಿಫ್ಟುಗಳಿಗಾಗಿ ಪ್ರತ್ಯೇಕ ಕಾನೂನಾಯಿತು.

ಮುಂಬಯಿ ನಗರವೂ ಒಂದು ಕಾಲಕ್ಕೆ ಬಾವಿಗಳ ನೀರನ್ನು ನಂಬಿ ಬಾಳಿದ ಊರೇ. 1860 ರಲ್ಲಿ ವಿಹಾರ ಸರೋವರದ ನೀರು ಕೊಳವೆಗಳಲ್ಲಿ ಹರಿದುಬಂದ ಮೇಲೂ ಬಾವಿಗಳು ಉಳಿದಿದ್ದವು; ನಗರದ ಮಲೇರಿಯಾದ ಕಾರಣಗಳನ್ನು ತನಿಖೆ ಮಾಡಿದ ಡಾಕ್ಟರ್ ಬೆಂಟ್ಲಿಯವರು 1911 ರ ವರದಿಯಲ್ಲಿ ಸೊಳ್ಳೆಗಳ ತವರು ಈ ಬಾವಿಗಳೆಂದು ತೋರಿಸಿದ ಬಳಿಕ, ಧಾರ್ಮಿಕ ಕಾರಣಗಳಿಂದ ಅನೇಕರು ವಿರೋಧಿಸಿದರೂ, ಬಹಳಷ್ಟನ್ನು ಮುಚ್ಚಲಾಯಿತು. ಬಾವಿ ಮುಚ್ಚಿದಲ್ಲಿ ರಾಟೆಯೂ ಇಳಿಯಿತು.

ನಮ್ಮ ಊರುಗಳಲ್ಲಿಯೂ ಈಗ ಅದೇ ನಡೆದಿದೆ. ಪಂಪು ಬಂದುದು ಒಳ್ಳೆಯದೇ. ಹೆಂಗಸರ ತೋಳುಗಳ ದಣಿವು ಅದರಿಂದ ನೀಗಿತು. ಆದರೆ ರಾಟೆಯ ಜೊತೆಗೆ ಒಂದು ಪದಸಂಸಾರವೇ ಮರೆಯಾಗುತ್ತಿದೆಯೆಂಬುದನ್ನು ಮರೆಯಬಾರದು: ಕೊಡದ ಕೊರಳಿಗೆ ಬಿಗಿಯುವ ಜೀರುಗುಣಿಕೆ, ಸೇದುವ ಹಗ್ಗ, ಕೊಡ ಕಳಚಿ ಬಿದ್ದಾಗ ನೆರೆಮನೆಯಿಂದ ತಂದು ಇಳಿಬಿಡುತ್ತಿದ್ದ, ಹತ್ತಾರು ಕೊಕ್ಕೆಗಳ ಪಾತಾಳಗರಡಿ. ಸಾವಿರ ವರ್ಷ ಸವೆದು ನುಣುಪಾದ ಮಾತೊಂದನ್ನು ಕಳೆದುಕೊಳ್ಳುವುದು ಸುಲಭ, ಮತ್ತೆ ಪಡೆಯುವುದು ದುಸ್ಸಾಧ್ಯ. ಆದುದರಿಂದ, ಮನೆಯಲ್ಲಿ ಹಿರಿಯರಿರುವ ವಾಚಕರು, ಅವರ ಬಾವಿಕಟ್ಟೆಯ ಮೇಲಿದ್ದ ಒಂದೊಂದು ವಸ್ತುವಿನ ಹೆಸರನ್ನೂ ಕೇಳಿ ಬರೆದಿಡಬೇಕು. ಶಾಲೆಯ ಉಪಾಧ್ಯಾಯರು ಯಂತ್ರಪಾಠ ಹೇಳುವಾಗ ಆ ಹೆಸರುಗಳನ್ನೇ ಮಕ್ಕಳ ಬಾಯಲ್ಲಿ ಆಡಿಸಬೇಕು.