ಉಸಿರೆಳೆದರೆ ಚುಚ್ಚುವ ಪಕ್ಕೆನೋವು

ಅಡಿಕೆ ಕೊನೆ ತೆಗೆಯುವ ದಿನಗಳಲ್ಲಿ "ಪಕ್ಕೆ ಹಿಡಿದಿದೆ" ಎಂಬ ಮಾತು ಸವಳಂಗದ ಸುತ್ತಿನ ತೋಟಗಳಲ್ಲಿ ಸಾಮಾನ್ಯ. ಆದರೆ ಎಲ್ಲ ಪಕ್ಕೆನೋವೂ ಉಳುಕಲ್ಲ. ನಮ್ಮ ತೋಟದ ಆಳೊಬ್ಬರು ಮೂರು ವಾರ ಎಣ್ಣೆ ತಿಕ್ಕಿಸಿಕೊಂಡೇ ಕೆಲಸ ಮಾಡಿದರು. ನಾನೂ ಉಳುಕೆಂದೇ ತಿಳಿದೆ. ಕೊನೆಗೆ ಎಕ್ಸ್-ರೇ ತೆಗೆಸಿದಾಗ ಎದೆಯಲ್ಲಿ ನೀರು ತುಂಬಿತ್ತು, ಕಾರಣ ಕ್ಷಯ. ಆ ತಡಕ್ಕೆ ನಾನೂ ಹೊಣೆಗಾರ. ಆದ್ದರಿಂದ ಸದಸ್ಯ ಬಂಧುಗಳಿಗೆ ಈ ನಾಲ್ಕು ಮಾತು.

ಶ್ವಾಸಕೋಶದ ಒಳಭಾಗಕ್ಕೆ ಇಂಥ ಚುಚ್ಚುನೋವು ತಿಳಿಸುವ ನರಗಳಿಲ್ಲ. ಅದನ್ನು ಎರಡು ಪದರದ ತೆಳುವಾದ ಪೊರೆ ಸುತ್ತಿದೆ. ಇದಕ್ಕೆ ಪ್ಲೂರಾ ಎನ್ನುತ್ತಾರೆ. ನಡುವೆ ಇರುವ ಅಲ್ಪ ದ್ರವದಿಂದ ಪದರಗಳು ಸಲೀಸಾಗಿ ಜಾರುತ್ತವೆ. ಹೊರಪದರಕ್ಕೆ ನೋವಿನ ನರಗಳುಂಟು. ಒಳಗಿನ ರೋಗ ಪೊರೆಗೆ ತಗಲಿ ಉರಿಯೂತವಾದರೆ ಪದರಗಳು ಉಜ್ಜಿ, ಉಸಿರೆಳೆದಾಗ, ಕೆಮ್ಮಿದಾಗ ಚೂರಿ ಹಾಕಿದಂತಾಗುತ್ತದೆ. ನೀರು ತುಂಬಿ ಪದರಗಳು ದೂರವಾದರೆ ನೋವು ತಗ್ಗಿ ಏದುಸಿರು ಹೆಚ್ಚುತ್ತದೆ. ಇದನ್ನು ಗುಣವೆಂದು ಭ್ರಮಿಸಬಾರದು.

ಮುಖ್ಯ ಕಾರಣಗಳು ಹೀಗಿವೆ:

1. ನ್ಯುಮೋನಿಯಾ: ಚಳಿಜ್ವರ, ಕೆಮ್ಮು, ಕಫ.

2. ಕ್ಷಯ: ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಪೊರೆಯ ಕ್ಷಯದಲ್ಲಿ ಕಫದಲ್ಲಿ ರೋಗಾಣು ಸಿಗದಿರಬಹುದು. ಎದೆಯ ನೀರು ತೆಗೆದು ಪರೀಕ್ಷಿಸಬೇಕಾಗುತ್ತದೆ.

3. ರಕ್ತದ ಹೆಪ್ಪು: ಕಾಲು ಮುರಿದು ಅಥವಾ ಶಸ್ತ್ರಚಿಕಿತ್ಸೆಯ ನಂತರ ಹಾಸಿಗೆ ಹಿಡಿದವರಲ್ಲಿ ಕಾಲಿನ ರಕ್ತನಾಳದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು.

4. ಶ್ವಾಸಕೋಶ ತೂತಾಗಿ ಗಾಳಿ ಸೋರುವುದು: ಮರದಿಂದ ಬಿದ್ದು ಪಕ್ಕೆಲುಬು ಮುರಿದವರಲ್ಲಿ, ಬೀಡಿ ಸೇದುವವರಲ್ಲಿ ತಾನಾಗಿಯೂ.

5. ಕ್ಯಾನ್ಸರ್: ವಿಶೇಷವಾಗಿ ಬಹುಕಾಲ ಬೀಡಿ, ಸಿಗರೇಟು ಸೇದಿದವರಲ್ಲಿ.

ಮೂರನೆಯದು, ನಾಲ್ಕನೆಯದು ಗಂಟೆಗಳಲ್ಲೇ ಪ್ರಾಣ ತೆಗೆಯಬಲ್ಲವು. ಹಠಾತ್ತನೆ ಎದೆನೋವಿನೊಡನೆ ಏದುಸಿರು, ಕಫದಲ್ಲಿ ರಕ್ತ, ತಲೆಸುತ್ತು ಕಂಡರೆ ಕಷಾಯ ಕಾಯಿಸುತ್ತ ಕೂಡಬೇಡಿ. 108ಕ್ಕೆ ಕರೆ ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ನಮಗೆ ದೂರವೇನಲ್ಲ. ಹೃದಯಾಘಾತವೂ ಇದೇ ವೇಷದಲ್ಲಿ ಬರಬಹುದಾದ್ದರಿಂದ ವೈದ್ಯರೇ ನಿರ್ಧರಿಸಲಿ.

ಕ್ಷಯವೆಂದರೆ ಮನೆ ಬಿಡಬೇಕೆಂಬ ಭಯ ಬೇಡ. ಮನೆಯಲ್ಲೇ ಪಡೆಯುವ ಚಿಕಿತ್ಸೆ ಸ್ಯಾನಟೋರಿಯಂ ಚಿಕಿತ್ಸೆಗೆ ಸಮವೆಂದು ಮದ್ರಾಸಿನ ಅಧ್ಯಯನ 1959ರಲ್ಲೇ ತೋರಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಸಾಮಾನ್ಯವಾಗಿ 6 ತಿಂಗಳು ತಪ್ಪದೆ ನುಂಗಬೇಕು. ಚಿಕಿತ್ಸೆಯ ಅವಧಿಯಲ್ಲಿ ಆಹಾರಕ್ಕಾಗಿ ಕೊಡುವ ನೆರವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ.

ಕೂಲಿ ತಪ್ಪೀತೆಂದು ಆಳುಗಳು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಕೇಳಬೇಕು, ಒಂದು ದಿನದ ಕೂಲಿ ಕೊಟ್ಟು ಆಸ್ಪತ್ರೆಗೆ ಕಳಿಸಬೇಕು. ನಮ್ಮ ಮನೆಯವರ ವಿಷಯದಲ್ಲೂ ಇದೇ ಎಚ್ಚರ ಇರಲಿ.